ದೀಪದ ಬುಡದಲ್ಲಿ ಸಣ್ಣಕ್ಷರ

(ಕೃಷ್ಣಮೂರ್ತಿಪುರಂ, 2023ರ ಆಗಸ್ಟ್. ಮರದಡಿ ಮಾದಪ್ಪನ ಇಸ್ತ್ರಿ ಗಾಡಿ. ನಿವೃತ್ತ ಮೇಷ್ಟ್ರ ಕೈಯಲ್ಲಿ ಕರೆಂಟ್ ಬಿಲ್ಲು.)

ಮಾದಪ್ಪ: ಏನ್ ಮೇಷ್ಟ್ರೇ, ಸರ್ಕಾರದ ಗೃಹಜ್ಯೋತಿ 200 ಯೂನಿಟ್ ಫ್ರೀ ಕರೆಂಟ್ ಬಂತಾ?

ಮೇಷ್ಟ್ರು: ಬಂತಪ್ಪ. ದಾರೀಲಿ ಸವೆದು 66 ಆಗಿತ್ತು.

ಮಾದಪ್ಪ: ಮೈಕಲ್ಲಿ 200 ಅಂದಿದ್ರಲ್ಲ?

ಮೇಷ್ಟ್ರು: ಮೈಕಿನ ಕೆಲಸವೇ ದೊಡ್ಡದು ಮಾಡೋದು. ಆದೇಶದ ಲೆಕ್ಕ ಬೇರೆ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ವೋ ಅಷ್ಟು, ಮೇಲೆ ನೂರಕ್ಕೆ ಹತ್ತು. 200 ದಾಟಿದ್ರೆ ಪೂರ್ತಿ ಕಾಸು. ನಂದು 60 ಇತ್ತು.

ಮಾದಪ್ಪ: ಎದುರು ಮನೆ ಎ.ಸಿ.ಯವರದ್ದು?

ಮೇಷ್ಟ್ರು: 180 ಇತ್ತು. 198 ಫ್ರೀ.

ಮಾದಪ್ಪ: ಓಹೋ! ಉರಿಸ್ದೋರಿಗೆ ಜ್ಯೋತಿ, ಉಳಿಸ್ದೋರಿಗೆ ಬತ್ತಿ.

ಮೇಷ್ಟ್ರು: 'ವಿದ್ಯುತ್ ಉಳಿಸಿ' ಅಂತ ಗೋಡೆ ಮೇಲೆ ಬರೆಸಿದ್ರಪ್ಪ. ಓದು ಬಂದವನು, ನಂಬ್ಬಿಟ್ಟೆ.

ಮಾದಪ್ಪ: ಅದಕ್ಕೇ ನಾನು ಇಸ್ಕೂಲಿಗೆ ಹೋಗ್ಲಿಲ್ಲ. ಹೊಸ ಮನೆಯವರಿಗೆ ಹೆಂಗೆ?

ಮೇಷ್ಟ್ರು: ಅವರಿಗೆ ರಾಜ್ಯದ ಸರಾಸರಿ, 53. ಮೇಲೆ ಅದೇ ನೂರಕ್ಕೆ ಹತ್ತು.

ಮಾದಪ್ಪ: ದೀಪ ಹಚ್ಚೋಕ್ ಮುಂಚೇನೇ ಎಷ್ಟು ಉರಿಸ್ತಾರೆ ಅಂತ ಗೊತ್ತಾಗೋಯ್ತಾ? ಜೋಯಿಸ್ರು ಕಣ್ರೀ ಇವ್ರು! ಅಲ್ಲ, ಈ ಲೆಕ್ಕವೆಲ್ಲ ಫ್ಲೆಕ್ಸಲ್ಲಿ ಹಾಕಿರ್ಲಿಲ್ವಾ?

ಮೇಷ್ಟ್ರು: ಫ್ಲೆಕ್ಸಲ್ಲಿ ಹತ್ತಡಿ ನಗು ಇತ್ತು. ಮಿಕ್ಕಿದ್ದಕ್ಕೆ ಜಾಗ ಉಳೀಲಿಲ್ಲ.

ಮಾದಪ್ಪ: ಕೆಳಗೆ ಇರುವೆ ಸಾಲಿನ ಹಾಗೆ ಏನೋ ಇತ್ತಲ್ಲ?

ಮೇಷ್ಟ್ರು: ಅದೇ ಷರತ್ತು! ಫೋಟೋ ತೆಗೆದಿಟ್ಕೊಂಡಿದ್ದೀನಿ. ರಾತ್ರಿ ದೊಡ್ಡ ಲೈಟ್ ಹಾಕಿ ಓದ್ಬೇಕು.

ಮಾದಪ್ಪ: ಹಾಕ್ಬೇಡಿ ಮೇಷ್ಟ್ರೇ, 67ನೇದಕ್ಕೆ ಕಾಸು!