ಜರ್ಮನಿಗೆ ಹೊರಟವರಿಗೆ ಸೋದರಮಾವನ ಬಹಿರಂಗ ಪತ್ರ

ಪ್ರೀತಿಯ ಅಳಿಯಂದಿರೇ, ಸೊಸೆಯಂದಿರೇ,

ವೀಸಾ ಬಂತಂತೆ, ಸಂತೋಷ. ವರ್ಷದ ಖರ್ಚಿಗೆಂದು 11,904 ಯೂರೊ ಬ್ಲಾಕ್ಡ್ ಅಕೌಂಟಿಗೆ ಹಾಕಿದ್ದೂ ಆಯಿತು. ಇನ್ನು ಉಳಿದಿರುವುದು ಒಂದೇ ಚಿಂತೆ: ಎರಡು ವರ್ಷ ಅಲ್ಲಿದ್ದೂ ಆ ದೇಶ ಮೈಗೆ ಸೋಕದಂತೆ ವಾಪಸಾಗುವುದು ಹೇಗೆ? ಹೆದರಬೇಡಿ. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಚೀನಿಯರಿಗಿಂತಲೂ ನಮ್ಮವರೇ ಜಾಸ್ತಿ. ವಿಮಾನ ಹತ್ತುವ ಮೊದಲೇ ವಾಟ್ಸಾಪ್ ಗುಂಪು ಸೇರಿ, ರೂಮೂ ನಮ್ಮವರ ಜೊತೆಗೇ ಹಿಡಿಯಿರಿ.

ಜರ್ಮನ್ ಹುಡುಗರ ಜೊತೆ ಮನೆ ಹಂಚಿಕೊಳ್ಳಲು ಮಾತ್ರ ಹೋಗಬೇಡಿ. ಅಡುಗೆಮನೆ ಗೋಡೆಗೆ ಸರದಿ ಪಟ್ಟಿ ಅಂಟಿಸಿರುತ್ತಾರೆ. ಈ ವಾರ ಬಚ್ಚಲು ತೊಳೆಯುವ ಪಾಳಿ ನಿಮ್ಮದೆಂದರೆ ನಿಮ್ಮದೇ. ಉಂಡ ತಟ್ಟೆ ಎತ್ತಿ ಗೊತ್ತಿಲ್ಲದವರಿಗೆ ಇದು ನಮ್ಮ ಸಂಸ್ಕೃತಿಯ ಮೇಲಿನ ದಾಳಿ. (ಸೊಸೆಯಂದಿರಿಗಲ್ಲ, ಅಳಿಯಂದಿರಿಗೆ ಹೇಳುತ್ತಿದ್ದೇನೆ.) ತೊಳೆಯದಿದ್ದರೆ ಬೆನ್ನ ಹಿಂದೆ ಆಡಿಕೊಳ್ಳುವ ಸೌಜನ್ಯವೂ ಅವರಿಗಿಲ್ಲ, ಎದುರಿಗೇ ಹೇಳಿಬಿಡುತ್ತಾರೆ. ಒರಟು ಜನ ಎಂದು ಅಲ್ಲೇ ತೀರ್ಮಾನಿಸಿ. ಅವರು ಹಾಗೇಕೆ, ನಾವು ಹೀಗೇಕೆ ಎಂದು ಯೋಚಿಸುತ್ತಾ ಕೂತಿರೋ, ಕೆಟ್ಟಿರಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅಂದು ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ಡಬ್ಬಿಗೂ ಹಾಕುವಂತಿಲ್ಲ, ಸದ್ದಾಗುತ್ತದಂತೆ. ಇದನ್ನೆಲ್ಲ ವಾಟ್ಸಾಪ್ ಗುಂಪಿನಲ್ಲಿ ಹಾಕಿ ನಕ್ಕುಬಿಡಿ. ಕೋರ್ಸು ಇಂಗ್ಲಿಷಿನಲ್ಲಿರುವಾಗ ಜರ್ಮನ್ ಕಲಿಯುವುದಂತೂ ದಂಡ. ಬೆಂಗಳೂರಿನಲ್ಲಿ ಹತ್ತು ವರ್ಷವಿದ್ದೂ ಕನ್ನಡ ಕಲಿಯದವರನ್ನು ನಾವು ಬೈಯುತ್ತೇವಲ್ಲ, ಅದು ಬೇರೆ ವಿಷಯ, ಇಲ್ಲಿ ತರಬೇಡಿ.

ನನ್ನ ಮಾತಿಗೆ ಶಾಸ್ತ್ರಾಧಾರವೂ ಇದೆ. ಅಮೆರಿಕದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ 61 ಕಾರ್ಯಕ್ರಮಗಳನ್ನು ಜಾಲಾಡಿದ ಜಾರ್ಜ್‌ಟೌನ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪರದೇಶದಲ್ಲೂ ಸ್ವದೇಶಿಗರ ಜೊತೆಗೇ ಕಾಲ ಕಳೆದವರಿಗೆ ಪರರನ್ನು ಅರಿಯುವ ಶಕ್ತಿ ಅಷ್ಟೇನೂ ಬೆಳೆದಿರಲಿಲ್ಲ. ಕೂರಿಸಿಕೊಂಡು, ಕಂಡದ್ದನ್ನು ವಿವರಿಸುವ ಮಾರ್ಗದರ್ಶಕರು ಸಿಕ್ಕವರು ಬದಲಾಗಿದ್ದರು. ಆದ್ದರಿಂದ ಅಂಥವರ ಕಣ್ಣಿಗೂ ಬೀಳಬೇಡಿ.

ಬಯೋಡೇಟಾದಲ್ಲಿ 'ಬಹುಸಂಸ್ಕೃತಿಗಳೊಡನೆ ಒಡನಾಟದ ಅನುಭವ' ಎಂದು ಧೈರ್ಯವಾಗಿ ಬರೆಯಿರಿ. ಎಷ್ಟು ಜರ್ಮನರ ಮನೆಯಲ್ಲಿ ಊಟ ಮಾಡಿದ್ದೀರಿ ಎಂದು ಯಾವ ಕಂಪನಿಯೂ ಕೇಳುವುದಿಲ್ಲ.

ಕೊನೆಗೊಂದು ಮಾತು. ಅತ್ತೆ ಎರಡು ಕೆಜಿ ಸಾರಿನ ಪುಡಿ ಕಟ್ಟಿಟ್ಟಿದ್ದಾಳೆ. ಪಕ್ಕದ ರೂಮಿನವರಿಗೆ ರುಚಿ ತೋರಿಸಬೇಡಿ. ತೋರಿಸಿದರೆ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ, ಆಮೇಲೆ ತಮ್ಮ ಊರಿಗೆ ಕ್ರಿಸ್‌ಮಸ್‌ಗೆ ಕರೆಯುತ್ತಾರೆ. ಹೋದಿರೋ, ಎರಡು ವರ್ಷದ ತಪಸ್ಸು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇಂತಿ,
ನಿಮ್ಮ ಸೋದರಮಾವ