ಗಾಳಿ ಟೈಲರ್

ಶಿಡ್ಲಘಟ್ಟದ ಬಟ್ಟೆ ವ್ಯಾಪಾರಿಗಳಿಗೆ ಅಂಗಡಿ ಇರುತ್ತದೆ, ಅಂಗಡಿ ತುಂಬ ಬಟ್ಟೆ ಇರುತ್ತದೆ, ಆಷಾಢದಲ್ಲಿ ಗಿರಾಕಿ ಮಾತ್ರ ಇರುವುದಿಲ್ಲ. ನಮ್ಮ ಗಾಳಿ ಟೈಲರ್‌ಗೆ ಹನ್ನೆರಡು ತಿಂಗಳೂ ಗಿರಾಕಿಗಳಿದ್ದಾರೆ. ಬ್ರೆಜಿಲ್‌ನಲ್ಲೊಬ್ಬಳು, ಜರ್ಮನಿಯಲ್ಲಿಬ್ಬರು, ಗಂಡೋ ಹೆಣ್ಣೋ ಹೇಳಲಾಗದ, ನರಿಯ ಮುಖ ಹಾಕಿಕೊಂಡು ಬರುವ ಜಪಾನಿನವರೊಬ್ಬರು. ಇಲ್ಲದಿರುವುದು ಅಂಗಡಿ ಮತ್ತು ಬಟ್ಟೆ.

ಅವನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ. ಊರಿನ ಬಾಯಲ್ಲಿ ಮಾತ್ರ ಅವನು ಗಾಳಿ ಟೈಲರ್. ಇಂಥವರು ಈಗ ನಂದಿ ಬೆಟ್ಟದ ಸುತ್ತಲ ಎಲ್ಲ ಊರುಗಳಲ್ಲೂ ಒಬ್ಬೊಬ್ಬರಿದ್ದಾರೆ. ಅಪ್ಪನ ವ್ಯಾಪಾರದ ಬುದ್ಧಿ, ಬೆಂಗಳೂರಿನ ಇಂಜಿನಿಯರಿಂಗ್ ಡಿಗ್ರಿ. ರೇಷ್ಮೆ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ಪಕ್ಕಾ ಮಿಶ್ರತಳಿ. ಲಾಕ್‌ಡೌನಿನಲ್ಲಿ ಊರಿಗೆ ಬಂದವರು, ಹೋಗಲು ಮರೆತವರು. ಬೆಳಿಗ್ಗೆ ಹನ್ನೊಂದಕ್ಕೆ ಎದ್ದು ‘ರಾತ್ರಿಯೆಲ್ಲ ಕೆಲಸ’ ಎನ್ನುತ್ತಾರೆ. ಮನೆಯವರು ನಂಬಬೇಕು, ಬೇರೆ ದಾರಿಯಿಲ್ಲ.

ಅಂಗಡಿ ಇರುವುದು ಸೆಕೆಂಡ್ ಲೈಫ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ ಎಂಬ ಕಂಪನಿ 2003ರಲ್ಲಿ ತೆರೆದ ಮಾಯಾಲೋಕ ಅದು. ಅಲ್ಲಿ ನಮ್ಮ ಬದಲು ಒಂದು ಗೊಂಬೆ ಓಡಾಡುತ್ತದೆ, ಹಾರುತ್ತದೆ, ಕುಣಿಯುತ್ತದೆ. ಗೊಂಬೆಗೆ ಹಸಿವಿಲ್ಲ, ಚಳಿಯಿಲ್ಲ, ಆದರೂ ಬಟ್ಟೆಯ ಹುಚ್ಚು ನಮಗಿಂತ ಹೆಚ್ಚು. ಆ ಲೋಕದ ಬಟ್ಟೆಗಳಲ್ಲಿ ಬಹುಪಾಲು ಕಂಪನಿ ಹೊಲಿದು ಕೊಟ್ಟದ್ದಲ್ಲ. ಅಲ್ಲಿಗೆ ಬಂದವರೇ ಒಬ್ಬೊಬ್ಬರಾಗಿ ಕೂತು ಮಾಡಿ, ಅಲ್ಲಿನವರಿಗೇ ಮಾರುತ್ತಾರೆ. ನಮ್ಮವನು ತನ್ನ ಬೋರ್ಡಿನಲ್ಲಿ ‘ಅಪ್ಪಟ ಕೈಕೆಲಸ’ ಎಂದು ಬರೆದಿದ್ದಾನೆ. ಕೈ ಮೌಸಿನ ಮೇಲಿತ್ತು ಎನ್ನುವುದು ಗಿರಾಕಿಗೂ ಗೊತ್ತು.

‘ಇಲ್ಲದ ಬಟ್ಟೇನ ಯಾವನಪ್ಪ ಕೊಂಡ್ಕೊಳ್ಳೋನು?’ ಎಂದು ಯಾರಾದರೂ ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ‘2021ರಲ್ಲಿ ರೊಬ್ಲಾಕ್ಸ್ ಆಟದಲ್ಲಿ ಗುಚ್ಚಿ ಕಂಪನೀದು ಒಂದು ಬ್ಯಾಗು ನಾಲ್ಕು ಸಾವಿರ ಡಾಲರ್ ದಾಟ್ತು ಮಾವ. ನಿಜವಾದ ಬ್ಯಾಗಿಗೇ ಅಷ್ಟಿರಲಿಲ್ಲ.’ ಮಾವ ಅದಕ್ಕೂ ಬಗ್ಗದಿದ್ದರೆ ಎರಡನೇ ಬಾಣ: ‘ಅಮೇರಿಕ ಬಿಡು, ಪಕ್ಕದ ಕೃಷ್ಣಗಿರಿ ಜಿಲ್ಲೇಲಿ 2022ರ ಫೆಬ್ರವರೀಲಿ ಒಂದು ಜೋಡಿ ಮೆಟಾವರ್ಸ್‌ನಾಗೇ ಆರತಕ್ಷತೆ ಮಾಡ್ಕೊಂಡ್ರು.’ ಇದನ್ನು ಕೇಳಿದ ಒಬ್ಬ ಮಾವ ಸ್ವಲ್ಪ ಹೊತ್ತು ಯೋಚಿಸಿ, ‘ಊಟ?’ ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಅಂಗಡಿ ಪೂಜೆಗೆ ಮುಹೂರ್ತ ನೋಡುವಾಗ ಮೊದಲ ತೊಡಕು ಬಂತು. ಸೆಕೆಂಡ್ ಲೈಫ್‌ನ ಗಡಿಯಾರ ಕ್ಯಾಲಿಫೋರ್ನಿಯಾದ್ದು. ಬೇಸಿಗೆಯಲ್ಲಿ ಶಿಡ್ಲಘಟ್ಟದ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ರಾಹುಕಾಲ ಕೂತಾಗ ಅಲ್ಲಿ ಗುರುವಾರ ರಾತ್ರಿ ಹತ್ತು ಗಂಟೆ. ಯಾವ ರಾಹುವನ್ನು ಹಿಡಿಯಬೇಕು? ಪುರೋಹಿತರು ಪಂಚಾಂಗ ಮಡಚಿ, ‘ಅಲ್ಲಿ ಸೂರ್ಯೋದಯ ಎಷ್ಟೊತ್ತಿಗಪ್ಪ?’ ಎಂದು ಕೇಳಿದರು. ‘ಮೆನುವಿನಾಗೆ ಐತೆ ಸ್ವಾಮಿ, ಬೇಕಾದ ಹೊತ್ತಿಗೆ ನಿಲ್ಲಿಸ್ಕೋಬೋದು’ ಎಂದ. ‘ಸೂರ್ಯನೇ ನಿನ್ನ ಮಾತು ಕೇಳೋವಾಗ ನನ್ನನ್ಯಾಕೆ ಕೇಳ್ತೀಯ?’ ಎಂದು ಪುರೋಹಿತರು ದಕ್ಷಿಣೆ ತೆಗೆದುಕೊಂಡು ಎದ್ದರು.

ನೆಂಟರಿಗೆಲ್ಲ ಲಿಂಕ್ ಹೋಯಿತು. ಗೌರಿಬಿದನೂರಿನ ಚಿಕ್ಕಪ್ಪ ಬಂದವರೇ ಯಾವುದೋ ಕೀ ಒತ್ತಿ ಆಕಾಶಕ್ಕೇರಿದರು. ಇಳಿಯುವುದು ಹೇಗೆಂದು ತಿಳಿಯದೆ ಪೂಜೆ ಮುಗಿಯುವವರೆಗೂ ತೋರಣದ ಮೇಲೆ ನಿಂತೇ ಇದ್ದರು. ಚಿಂತಾಮಣಿಯ ಸೋದರತ್ತೆಗೆ ನೆಟ್‌ವರ್ಕ್ ಸಿಗಲಿಲ್ಲ. ಗೊಂಬೆ ಪೂರ್ತಿ ಲೋಡ್ ಆಗುವ ತನಕ ಅಲ್ಲಿ ಮನುಷ್ಯರು ಬರೀ ಮೋಡವಾಗಿ ಕಾಣುತ್ತಾರೆ. ಅತ್ತೆ ಮೋಡವಾಗಿಯೇ ಬಂದು ಮೋಡವಾಗಿಯೇ ಹೋದರು. ‘ಒಂದು ಅರಿಶಿನ ಕುಂಕುಮನೂ ಕೊಡ್ಲಿಲ್ಲ’ ಎಂಬ ದೂರು ಮಾತ್ರ ಮಳೆಗಾಲ ಮುಗಿಯುವವರೆಗೂ ಸುರಿಯಿತು.

ಅಂಗಿ, ಪ್ಯಾಂಟು ಮಾಡುವುದು ಇವನಿಗೆ ಲೀಲಾಜಾಲ. ಬ್ಲೆಂಡರ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ‘ಮಿರರ್’ ಎಂದೊಂದು ಸೌಕರ್ಯವಿದೆ. ಬಲಗಡೆಯ ಅರ್ಧ ಅಂಗಿ ಹೊಲಿದರೆ ಎಡಗಡೆಯದು ತಾನಾಗಿ ಮೂಡುತ್ತದೆ. ಇಂಥ ಸುಖ ಊರಿನ ಯಾವ ಟೈಲರ್‌ಗೂ ಇಲ್ಲ. ಆದರೆ ಹುಟ್ಟಿದ್ದು ರೇಷ್ಮೆಯ ಊರಲ್ಲಿ. ಬರೀ ಅಂಗಿ ಮಾರಿದರೆ ಮರ್ಯಾದೆಯೇ? ರೇಷ್ಮೆ ಸೀರೆಗೆ ಕೈ ಹಾಕಿದ.

ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳ ಪೊರೆ ಬಿಡುವ ನಾಲ್ಕು ಜ್ವರ ದಾಟಿ, ಚಂದ್ರಿಕೆಯ ತಟ್ಟಿ ಹತ್ತಿ, ಗೂಡು ಕಟ್ಟಲು ತಿಂಗಳು ಹಿಡಿಯುತ್ತದೆ. ಇವನ ಸೀರೆಗೂ ಅಷ್ಟೇ ಹಿಡಿಯಿತು. ಜ್ವರ ಮಾತ್ರ ಲ್ಯಾಪ್‌ಟಾಪ್‌ಗೆ, ದಿನಕ್ಕೆ ನಾಲ್ಕು ಸಲ. ಕಡೆಗೊಂದು ದಿನ ಸೀರೆಯುಟ್ಟ ಗೊಂಬೆಯನ್ನು ಪರದೆಯ ಮೇಲೆ ನಿಲ್ಲಿಸಿ ಅಜ್ಜಿಯನ್ನು ಕರೆದ. ಅಜ್ಜಿ ಕನ್ನಡಕ ಏರಿಸಿ, ಅಂಚು ನೋಡಿದಳು, ಬುಟ್ಟ ನೋಡಿದಳು. ಪರದೆಯ ಮೇಲೆ ಬೆರಳಿಟ್ಟು ಉಜ್ಜಿಯೂ ನೋಡಿದಳು. ಆಮೇಲೆ ಕೇಳಿದಳು: ‘ಇದ್ಯಾಕೋ ಎರಡು ಸೆರಗು?’

ಮಿರರ್ ತೆಗೆಯಲು ಮರೆತಿದ್ದ. ಗೊಂಬೆಯ ಎಡ ಹೆಗಲ ಮೇಲೊಂದು, ಬಲ ಹೆಗಲ ಮೇಲೊಂದು ಸೆರಗು ಇಳಿಬಿದ್ದಿತ್ತು. ‘ಹೊಸ ಫ್ಯಾಷನ್ ಅಜ್ಜಿ’ ಎಂದು ನೋಡಿದ. ‘ನಡೆಸು ನೋಡಣ’ ಎಂದಳು. ಗೊಂಬೆ ಹೆಜ್ಜೆ ಇಟ್ಟಿತು. ನಿರಿಗೆಯನ್ನು ಸೀಳಿಕೊಂಡು ಮೊಣಕಾಲು ಆಚೆ ಬಂತು. ಸೆಕೆಂಡ್ ಲೈಫ್‌ನ ದರ್ಜಿಗಳಿಗೆಲ್ಲ ಇರುವ ಹಳೆಯ ಪೀಡೆ ಇದು: ಬಟ್ಟೆಯೊಂದು ಕಡೆ ಬಾಗಿದರೆ ಮೈ ಇನ್ನೊಂದು ಕಡೆ ತೂರುತ್ತದೆ. ಪರಿಹಾರವೂ ಇದೆ, ‘ಆಲ್ಫಾ’. ಬಟ್ಟೆಯ ಒಳಗಿರುವ ಮೈಯನ್ನೇ ಮಾಯ ಮಾಡಿಬಿಡುವುದು. ‘ಸೀರೆಯೊಳಗೆ ಕಾಲೇ ಇಲ್ಲ ಅಜ್ಜಿ ಈಗ’ ಎಂದು ಹೆಮ್ಮೆಯಿಂದ ತೋರಿಸಿದಾಗ ಅಜ್ಜಿ ದೇವರ ಕೋಣೆಗೆ ಹೋಗಿ ವಿಭೂತಿ ತಂದು, ಮೊಮ್ಮಗನಿಗೊಂದು ಗೆರೆ, ಲ್ಯಾಪ್‌ಟಾಪ್‌ಗೊಂದು ಗೆರೆ ಎಳೆದಳು.

ಅಮ್ಮನ ಆಕ್ಷೇಪಣೆ ಬೇರೆ. ಅಲ್ಲಿ ಒಂದು ಬಟ್ಟೆ ಮಾರುವಾಗ ಗಿರಾಕಿ ಅದರ ಪ್ರತಿ ಮಾಡಬಹುದೇ, ತಿದ್ದಬಹುದೇ, ಬೇರೆಯವರಿಗೆ ಕೊಡಬಹುದೇ ಎಂದು ಮಾಡಿದವನೇ ಗೆರೆ ಹಾಕುತ್ತಾನೆ. ಇವನ ಸೀರೆಗಳೆಲ್ಲ ‘ನೋ ಟ್ರಾನ್ಸ್‌ಫರ್’, ಕೊಂಡವಳೇ ಉಡಬೇಕು. ‘ಅತ್ತೆ ಸೀರೆ ಸೊಸೆಗೆ ಬರಲ್ವಾ? ನಾದಿನಿ ಮದುವೆಗೆ ಕೇಳಿದ್ರೆ ಕೊಡಂಗಿಲ್ವಾ? ಹಂಗಾದ್ರೆ ಅದನ್ನ ಉಟ್ಟು ಏನು ಸುಖ?’ ಎಂದಳು ಅಮ್ಮ. ಸ್ವಲ್ಪ ತಡೆದು, ‘ನಾದಿನಿಗೆ ಕೊಡಂಗಿಲ್ಲ ಅನ್ನೋದು ಒಂದು ಮಟ್ಟಕ್ಕೆ ಸರೀನೇ’ ಎಂದು ತಿದ್ದಿಕೊಂಡಳು.

ವ್ಯಾಪಾರದಲ್ಲಿ ಗಾಳಿ ಟೈಲರ್ ಅಪ್ಪಟ ಶಿಡ್ಲಘಟ್ಟದವನೇ. ಬಣ್ಣದ ಚಿತ್ರ ಒಂದನ್ನು ಆ ಲೋಕಕ್ಕೆ ಏರಿಸಲು ಹತ್ತು ಲಿಂಡನ್ ಡಾಲರ್ ಶುಲ್ಕ. ಸುಮಾರು 250 ಲಿಂಡನ್‌ಗೆ ಒಂದು ಅಮೆರಿಕನ್ ಡಾಲರ್, ಅಂದರೆ ಹತ್ತು ಲಿಂಡನ್‌ಗೆ ಮೂರು ನಾಲ್ಕು ರೂಪಾಯಿ. ಆ ನಾಲ್ಕು ರೂಪಾಯಿ ಉಳಿಸಲು ಇಡೀ ರಾತ್ರಿ ಕೂತು ಎಂಟು ಬಣ್ಣಗಳನ್ನು ಒಂದೇ ಚಿತ್ರದಲ್ಲಿ ತುರುಕುತ್ತಾನೆ. ದೀಪಾವಳಿಗೆ ಡಿಸ್ಕೌಂಟ್ ಹಾಕುವ ಮುಂಚಿನ ದಿನ ಬೆಲೆ ಏರಿಸಿಟ್ಟಿರುತ್ತಾನೆ. ‘ಡೆಮೋ’ ಎಂದು ದೊಡ್ಡಕ್ಷರದಲ್ಲಿ ಬರೆದ ಪುಕ್ಕಟೆ ಮಾದರಿಯನ್ನೇ ಉಟ್ಟುಕೊಂಡು ಪಾರ್ಟಿಗಳಲ್ಲಿ ಕುಣಿಯುವವರನ್ನು ಕಂಡರೆ, ನಲವತ್ತು ಸೀರೆ ಬಿಚ್ಚಿಸಿ ‘ಆಮೇಲೆ ಬರ್ತೀವಿ’ ಎನ್ನುವವರ ಮೇಲೆ ಇಲ್ಲಿನ ಅಂಗಡಿಯವರಿಗಿರುವ ಸಿಟ್ಟೇ ಅವನಿಗೂ. ಜಾಗದ ಮಾಲೀಕನ ಮುಖ ಕಂಡಿಲ್ಲ, ಆದರೂ ವಾರದ ಬಾಡಿಗೆ ತಪ್ಪುವಂತಿಲ್ಲ. ತಪ್ಪಿದರೆ ಸರಂಜಾಮೆಲ್ಲ ಮಡಚಿ ‘ಲಾಸ್ಟ್ ಆ್ಯಂಡ್ ಫೌಂಡ್’ ಎಂಬ ಫೋಲ್ಡರಿಗೆ ಬಂದು ಬೀಳುತ್ತದೆ. ಅಷ್ಟು ಅಚ್ಚುಕಟ್ಟಾಗಿ ಖಾಲಿ ಮಾಡಿಸುವ ಮಾಲೀಕ ನಮ್ಮ ಪೇಟೆಯಲ್ಲಿ ಸಿಕ್ಕುವುದಿಲ್ಲ.

ಹೆಣ್ಣು ನೋಡಲು ಹೋದಾಗ ‘ಬಟ್ಟೆ ವ್ಯಾಪಾರ, ಫಾರಿನ್ ಗಿರಾಕಿ’ ಎಂದರೆ ಕಾಫಿ ಜೊತೆ ಮೈಸೂರು ಪಾಕೂ ಬರುತ್ತದೆ. ‘ಅಂಗಡಿ ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುವ ಮೊದಲು ತಟ್ಟೆ ಒಳಗೆ ಹೋಗಿರುತ್ತದೆ.

ಇನ್ನು ಅಪ್ಪ. ಅವರು ರೀಲರ್, ಗೂಡಿನಿಂದ ನೂಲು ಬಿಚ್ಚುವವರು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದು. ಅಲ್ಲಿ ಮೊಬೈಲ್ ಹಿಡಿದು ಇ-ಹರಾಜಿನಲ್ಲಿ ಕೂಗುತ್ತಾರೆ. ಗೂಡು ತರಲು ದುಡ್ಡು ಅವತ್ತೇ ಎಣಿಸಬೇಕು. ನೂಲು ಬಿಚ್ಚಿ ಮಾರಿದರೆ ದುಡ್ಡು ಬರುವುದು ಕೊಂಡವರಿಗೆ ಮನಸ್ಸಾದಾಗ. ಧರ್ಮಾವರ, ಕಂಚಿಯ ಬಾಕಿ ಬರೆದ ಪುಸ್ತಕ ತಲೆದಿಂಬಿನ ಕೆಳಗೇ ಇರುತ್ತದೆ. ಮಗನ ವ್ಯಾಪಾರದ ಬಗ್ಗೆ ಅವರು ಬಹಳ ದಿನ ಬಾಯಿ ಬಿಟ್ಟಿರಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರು.

‘ಈ ತಿಂಗಳು ಎಷ್ಟು ಬಂತು?’

‘ಹನ್ನೆರಡು ಸಾವಿರ.’

‘ರೂಪಾಯಾ?’

‘ಲಿಂಡನ್.’

ಅಪ್ಪ ಬೆರಳೆಣಿಸಿದರು. ನಾಲ್ಕು ಸಾವಿರ ರೂಪಾಯಿಯ ಆಸುಪಾಸಿಗೇ ನಿಂತಿತು. ಬಾಡಿಗೆ ಕಳೆದರು, ಕರೆಂಟ್ ಬಿಲ್ಲು ಕಳೆದರು. ಉಳಿದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ.

‘ಅಲ್ಲಿ ಹುಳಕ್ಕೆ ಸುಣ್ಣಕಟ್ಟು, ಹಾಲುತೊಂಡೆ ಅಂತ ರೋಗ ಏನೂ ಇಲ್ವಾ?’

‘ಹುಳಾನೇ ಇಲ್ಲಪ್ಪ.’

‘ಕರೆಂಟ್ ಹೋದ್ರೆ?’

‘ಅಂಗಡಿ ತೆಗೆದೇ ಇರುತ್ತೆ. ನಾನಿರಲ್ಲ ಅಷ್ಟೆ.’

‘ಸಾಲ ಎಷ್ಟು ದಿನಕ್ಕೆ ಕೊಡ್ತೀಯ?’

‘ಸಾಲ ಅನ್ನೋದೇ ಇಲ್ಲ ಅಲ್ಲಿ. ಮೊದ್ಲು ದುಡ್ಡು ನನ್ನ ಖಾತೆಗೆ ಬೀಳ್ಬೇಕು, ಆಮೇಲೇನೇ ಬಟ್ಟೆ ಅವರ ಕೈಗೆ ಹೋಗೋದು.’

ಅಪ್ಪ ತುತ್ತು ಹಾಗೇ ಹಿಡಿದು ಕೂತರು. ಮೂವತ್ತು ವರ್ಷ ನೂಲು ಮಾರಿದವರು. ದುಡ್ಡು ಕೊಟ್ಟು ಆಮೇಲೆ ಮಾಲು ಎತ್ತುವ ಗಿರಾಕಿಯನ್ನು ಕಂಡವರೇ ಅಲ್ಲ.

‘ಲೇ,’ ಎಂದರು ತಗ್ಗಿದ ದನಿಯಲ್ಲಿ, ಅಮ್ಮನಿಗೆ ಕೇಳಿಸದ ಹಾಗೆ, ‘ಅಲ್ಲಿ ನೂಲು ಮಾರೋಕೆ ಪಕ್ಕದಾಗೆ ಇನ್ನೊಂದು ಮಳಿಗೆ ಖಾಲಿ ಐತಾ ವಿಚಾರಿಸು.’