ನೀವು ತಗೊಂಡಾಯ್ತು, ಬಿಡ್ರಿ

ನಿಲ್ರಿ, ನಿಲ್ರಿ. ಸುಲೇಪೇಟ ಬಸ್ ಸ್ಟ್ಯಾಂಡ್ ಮುಂದ ಛಾ ಕುಡ್ಕೋತ ಮೊಬೈಲ್ದಾಗ ಅದೇ ಫೋಟೋ ಮತ್ತ ಮತ್ತ ಹಿಗ್ಗಿಸಿ ನೋಡ್ಲಾಕತ್ತೀರಲ್ಲ, ನಮಗ ಕಾಣಲ್ಲೇನು? ಸೇಡಂದಾಗ ಯಾರೋ ಸಿಮೆಂಟ್ ಫ್ಯಾಕ್ಟರಿ ಸಾಹೇಬ್ರಿಗಿ ಟ್ರಾನ್ಸ್‌ಫರ್ ಆಗ್ಯದ, ಹೈಬ್ರಿಡ್ ಗೇರ್ ಸೈಕಲ್ ಮಾರ್ಲಾಕತ್ಯಾರ. ತಗೊಳ್ಳೋದೋ ಬ್ಯಾಡೋ ಅಂತ ಊರ ಮಂದಿಗೆಲ್ಲ ಕೇಳೀರಿ. (ಬ್ಯಾಡ ಅಂದವರ ಕೂಡ ಮಾತೇ ಬಿಟ್ಟೀರಿ, ಅದೂ ಗೊತ್ತದ.)

ತೊಗರಿ ರಾಶಿ ಮುಗಿದು ರೊಕ್ಕ ಕೈಯಾಗ ಆಡೋ ಹೊತ್ತಿಗೇ ಇಂಥಾ ಆಸೆ ಹುಟ್ಟೋದು. ಶುಗರ್ ರಿಪೋರ್ಟೂ ಆಗಲೇ ಬಂದಿರ್ತದ. ಕಣ್ಣು ಮುಚ್ಚಿದ್ರ ಸಾಕು, ಚಂದ್ರಂಪಳ್ಳಿ ಡ್ಯಾಮಿನ ಕಡಿ ಮುಂಜಾನಿ ನೀವೇ ಹೊಂಟೀರಿ. ತಲಿಮ್ಯಾಲ ಹೆಲ್ಮೆಟ್, ಹೊಟ್ಟಿ ಒಳಗ ಹೋಗ್ಯದ. ನೀವು ರೊಕ್ಕ ಕೊಡ್ಲಾಕ ಹೊಂಟಿದ್ದು ಆ ಹೊಟ್ಟಿ ಇಲ್ಲದ ಮನುಷ್ಯಾಗ್ರಿ, ಹೌದಿಲ್ಲೋ?

ಸಾಹೇಬ್ರು "ಜಾಸ್ತಿ ಓಡ್ಸೇ ಇಲ್ರಿ" ಅಂತಾರ. ನಂಬ್ರಿ, ಖರೇನೇ ಹೇಳ್ತಾರ! ಅವರೂ ನಿಮ್ಮಂಗೇ ಡ್ಯಾಮಿನ ಕನಸು ಕಂಡು ತಗೊಂಡವರು. ಎಂಟು ದಿನ ಹೊಡೆದಾರ, ಆಮ್ಯಾಲ ಬಾಲ್ಕನ್ಯಾಗ ನಿಂದರ್ಸ್ಯಾರ. ಅದಕ್ಕೇ ಟೈರಿನ ಹಲ್ಲು ಹೊಸಾವೇ ಇರ್ತಾವ. ಮಗ್ಗಲಾಗ ನೋಡ್ರಿ, ನಮ್ಮ ಕಡಿ ಬ್ಯಾಸಗಿ ನಲವತ್ತು ದಾಟೋ ಬಿಸಲಿಗಿ ರಬ್ಬರ್ ಸಣ್ಣಸಣ್ಣ ಬಿರಕು ಬಿಟ್ಟಿರ್ತದ. ಬಿರಕು ಕಂಡ್ರ ಟೈರಿನ ರೇಟ್ ಕಟ್ ಮಾಡ್ರಿ.

ಚೈನು ಮಾತ್ರ ಅಷ್ಟು ಸುಲಭ ಬಿಡಬ್ಯಾಡ್ರಿ. ಸಿಮೆಂಟ್ ಧೂಳು, ಶಹಾಬಾದ್ ಕಲ್ಲಿನ ಧೂಳು ಎಣ್ಣಿಗಿ ಕೂಡ್ತಂದ್ರ ಚೈನಿನ ಪಿನ್ನು ಅರದಾವಂತನೇ ತಿಳೀರಿ. ಮಗನ ಕಂಪಾಸ್ ಪೆಟ್ಟಿಗಿ ಸ್ಕೇಲ್ ಸಾಲಂಗಿಲ್ಲ, ಒಂದು ಫೂಟಿನ ಸ್ಕೇಲ್ ಒಯ್ರಿ. ಒಂದು ಪಿನ್ನಿನ ನಡಬರಕಿನಿಂದ, ಆ ಪಿನ್ನು ಬಿಟ್ಟು ಎಣಿಸಿ, 24ನೇ ಪಿನ್ನಿನ ನಡಬರಕಿಗಿ ಸರೀ 12 ಇಂಚ್ ಇರಬೇಕು. ಒಂದೂವರಿ ಮಿಲಿಮೀಟರ್ ಹೆಚ್ಚಾದ್ರ ಚೈನು ಹೋಯ್ತು. ಮೂರು ಮಿಲಿಮೀಟರ್ ಆದ್ರ ಹಿಂದಿನ ಹಲ್ಲಿನ ಚಕ್ರಾನೂ ಹೋಯ್ತು. (ಸ್ಕೇಲ್ ತೆಗದಕೂಡ್ಲೇ ಸಾಹೇಬ್ರ ಮಾರಿ ನೋಡ್ರಿ, ಅರ್ಧಾ ವ್ಯಾಪಾರ ಅಲ್ಲೇ ಆಗ್ತದ.)

ಫ್ರೇಮಿಗಿ ಅಯಸ್ಕಾಂತ ಹಚ್ರಿ. ಹತ್ತಲಿಲ್ಲಂದ್ರ ಅಲ್ಯುಮಿನಿಯಂ. ಹಗುರ ಅದ ಅಂತ ಹಿಗ್ಗಬ್ಯಾಡ್ರಿ, ಜೋಡಣಿ ಕಡಿ ಸೀಳು ಅದನೇನು ಉಗುರಿಲೆ ಕೆದರಿ ನೋಡ್ರಿ. ಟ್ರ್ಯಾಕ್ಟರ್ ಟ್ರಾಲಿ ಬೆಸಿಯೋ ನಮ್ಮ ವೆಲ್ಡಿಂಗ್ ಅಂಗಡ್ಯಾಗ ಅದರ ಆಟ ನಡಿಯಲ್ಲ.

ಈಗ ಖರೇ ಪ್ರಶ್ನಿ. ಪಂಚರ್ ಆದ್ರ? "ನಮ್ಮ ಪಂಚರ್ ಅಂಗಡಿ ಅದಲ್ರಿ" ಅಂತೀರಿ. ಅದ. ಅವ ಹಳೇ ಅಟ್ಲಾಸಿಂದು 28 ಇಂಚಿನ ಟೈರ್ ಇಳಿಸ್ತಾನ. ನಿಮ್ಮ ಹೈಬ್ರಿಡ್‌ದೂ 28 ಅಂತೇ ಬರದಿರ್ತದ, 700ಸಿ ಅಂತೂ ಇರ್ತದ. ಇಬ್ಬರೂ ಕೂಡಿ ಸಂಜಿತನ ಜಗ್ಗಿದ್ರೂ ಅದು ಗಟ್ಟಿ ಕೂಡಲ್ಲ. ಯಾಕಂದ್ರ ಅಟ್ಲಾಸಿನ ಟೈರ್ ಕೂಡೋ ರಿಮ್ 635 ಮಿಲಿಮೀಟರ್, ಹೈಬ್ರಿಡ್‌ದು 622! ಹೆಸರು ಒಂದೇ, ಸಂಬಂಧ ಇಲ್ಲ.

ಹಂಗಂತ ಎದಿ ಒಡ್ಕೋಬ್ಯಾಡ್ರಿ. ಹುಡುಗ್ರು ದಪ್ಪ ಟೈರಿಂದು 29 ಇಂಚಿನ ಸೈಕಲ್ ಹೊಡೀತಾರಲ್ಲ, ಅದರ ರಿಮ್ಮೂ 622ನೇ. ಅದರ ಟ್ಯೂಬ್ ಜರಾ ಅಗಲ, ಆದ್ರೂ ಅಡಚಣಿಗಿ ನಡೀತದ. ವಾಲ್ವ್ ಫಟಫಟಿದರಂಗ ದಪ್ಪ ಇದ್ರ ಹವಾ ಪೆಟ್ರೋಲ್ ಬಂಕಿನಾಗೂ ಸಿಗ್ತದ. ಮಳಿಗಾಲದಾಗ ಹೊಲದ ದಾರಿ ಮಾತ್ರ ಹಿಡೀಬ್ಯಾಡ್ರಿ. ನಮ್ಮ ಎರಿ ಮಣ್ಣು ಮಡ್‌ಗಾರ್ಡಿನಾಗ ತುಂಬಿತಂದ್ರ ನೀವು ಸೈಕಲ್ ಮ್ಯಾಲಲ್ಲ, ಸೈಕಲ್ ನಿಮ್ಮ ಮ್ಯಾಲ.

ಒಂದು ಮಾತು ಮೆಲ್ಲಗ ಕೇಳ್ಲಿ? ನಿಮ್ಮ ಮನ್ಯಾಗ ಒಂದು ಸೈಕಲ್ ಅದ ಅಲ್ರಿ? 2006-07ರಾಗ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗಿ ಕೊಡ್ಲಾಕ ಶುರು ಮಾಡ್ತಲ್ಲ, ಅಂಥಾದ್ದು, ಮಗಳದು, ಮುಂದ ಬುಟ್ಟಿ ಇರೋದು. ಹವಾ ಹಾಕಿದ್ರ ಇವತ್ತೇ ಓಡ್ತದ. "ಅದಕ್ಕ ಗೇರ್ ಇಲ್ರಿ!" ಅಂತೀರಿ. ಇದಕ್ಕ 21 ಅವ, ಖರೇ. ಅದರಾಗ ಎರಡು ಬಿಟ್ಟು ಮೂರನೇದಕ್ಕ ಕೈ ಹಚ್ಚಿದ್ರ ನನ್ನ ಹೆಸರು ಬದಲಿ ಮಾಡ್ರಿ.

ಅಯ್ಯ, ಮಾರಿ ಯಾಕ ಸಣ್ಣ ಮಾಡ್ಕೊಂಡ್ರಿ? ಹೋಗ್ರಿ, ನಾಳೆ ಮುಂಜಾನಿ ಬಸ್ಸಿಗೇ ಹೋಗ್ರಿ. ಬಿಸಲೇರಿದ ಮ್ಯಾಲ ಹೊಡೆದು ನೋಡ್ಲಾಕ ನಿಮ್ಮಿಂದ ಆಗಲ್ಲ. ಅವರು ಹೇಳಿದ್ದರ ಅರ್ಧಾ ಕೇಳ್ರಿ, ಒಪ್ಪಲಿಲ್ಲಂದ್ರ ಹೆಲ್ಮೆಟ್ಟೂ ಪಂಪೂ ಮ್ಯಾಲ ಕೊಡ್ರಿ ಅನ್ರಿ. ಮತ್ತ ಮನ್ಯಾಗ ಅಕ್ಕೋರು ರೇಟ್ ಕೇಳಿದ್ರ ಏನು ಹೇಳೋದು ಅಂತ ಬರೋವಾಗ ದಾರ್ಯಾಗೇ ಠರಾಯಿಸ್ರಿ. ನನಗ ಕೇಳಿದ್ರ ನಾನೂ ಅದನ್ನೇ ಹೇಳ್ತೀನಿ.